ಬಚ್ಚಲದಾಗಿನ ‘ಹಾಕು’

ನಮ್ಮ ಕಡೆ ‘ಹಾಕು’ ಅನ್ನೋ ಒಂದು ಮಾತು ಎಷ್ಟು ಕೆಲಸ ಮಾಡ್ತದ ನೋಡ್ರಿ. ಬಾಗಲಾ ಹಾಕು ಅಂದ್ರ ಮುಚ್ಚು. ಲೈಟ್ ಹಾಕು ಅಂದ್ರ ಹಚ್ಚು. ಒಂದು ಬಂದ್ ಮಾಡೂದು, ಇನ್ನೊಂದು ಚಾಲೂ ಮಾಡೂದು, ಎರಡಕ್ಕೂ ಅದ ಮಾತು. ಹುಟ್ಟಿದಾಗಿಂದ ಆಡಿಕೋತ ಬಂದೀನಿ, ಒಮ್ಮೆನೂ ತೊಡಕಾಗಿರಲಿಲ್ಲ. ನಮ್ಮತ್ತಿಯವರ ಜೀವಕ್ಕ ಬರೋತನಕ ಅದರ ಕಡೆ ನನ್ನ ಲಕ್ಷ್ಯನೂ ಹೋಗಿರಲಿಲ್ಲ.

ಎಂಬತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ನಮ್ಮನಿಯವ್ರಿಗೆ ಕಲಬುರ್ಗಿಗೆ ವರ್ಗ ಆಗಿ ಐವಾನ್-ಎ-ಶಾಹಿ ಕಡೆ ಬಾಡಿಗಿ ಮನಿ ಹಿಡಿದಿದ್ವಿ. ಕಮಲಾಪುರದಿಂದ ಅತ್ತಿನೂ ಬಂದ್ರು. ಅವರ ಜೋಡಿ ಅವರ ತಾಮ್ರದ ಹಂಡೆ, ಅವರ ಮಡಿ, ಅವರ ದಮ್ಮು. ಕಮಲಾಪುರದಾಗ ಬಚ್ಚಲ ಒಲಿಗೆ ತಾವ ಕಟಗಿ ಒಟ್ಟಿ, ಊದಿ ಊದಿ ನೀರು ಕಾಸಿಕೊಂಡು ಆ ದಮ್ಮು ಹಚ್ಚಿಕೊಂಡಿದ್ರು. ಇಲ್ಲಿಯ ಡಾಕ್ಟರು ಎದಿ ನೋಡಿ, "ಹೊಗಿ ಕೂಡದು, ತಣ್ಣೀರೂ ಕೂಡದು. ಇನ್ನೊಂದು ಥಂಡಿಕಾಲ ಹಿಂಗ ಕಳದ್ರ ಈ ಎದಿ ತಡಕೊಳ್ಳೂದಿಲ್ಲ" ಅಂತ ಹೇಳಿದ್ರು. ಹೇಳಿದ್ದು ನನ್ನ ಮಾರಿ ನೋಡಿ. ಮಗ ಬಾಜೂಕ ಕೂತಿದ್ರೂ ಅವರ ಕಡೆ ಯಾಕ ನೋಡಲಿಲ್ಲೋ. ನೀರು ಕಾಸೂದು ಸೊಸಿ ಕೆಲಸ ಅಂತ ಡಾಕ್ಟರಿಗೂ ಗೊತ್ತಿತ್ತು ಕಾಣಸ್ತದ.

ಜಗತ್ ಸರ್ಕಲ್ ಹತ್ರದ ಅಂಗಡಿಯಿಂದ ನಮ್ಮನಿಯವ್ರು ನೀರು ಕಾಸೋ ಕಾಯಿಲ್ ತಂದ್ರು. ವಾಯರಿಂಗಿಗೆ ಮಿಸ್ತ್ರಿನ್ನ ಕರೀರಿ ಅಂದೆ. ಕೇಳಬೇಕಲ್ಲ. ತಾವ ಸ್ಟೂಲ್ ಏರಿ, ನಡುಮನಿ ಬೋರ್ಡಿನಿಂದ ವಾಯರ್ ಎಳದು, ಬಚ್ಚಲ ಹೊರಗಿನ ಗೋಡಿಗೆ ಪ್ಲಗ್ಗೂ ಬಟನ್ನೂ ಕೂಡಿಸಿದ್ರು. ಕಾಯಿಲ್ಲಿಗೆ ಮೂರು ವಾಯರ್ ಇದ್ವು, ಇವರು ತಂದ ಪ್ಲಗ್ಗಿಗೆ ಎರಡ ತೂತು. ಮೂರನೇ ಹಸಿರು ವಾಯರ್ ಕತ್ತರಿಸಿ, ಟೇಪ್ ಸುತ್ತಿ, "ಅರ್ಥಿಂಗ್ ಅದು, ಅದಕ್ಕೇನೂ ಕೆಲಸಿರೂದಿಲ್ಲ" ಅಂದ್ರು. ಶಾಣ್ಯಾತನಕ್ಕೇನು ಕಡಿಮಿ ನಮ್ಮನಿಯಾಗ.

ಇನ್ನ ಅತ್ತಿ. ಪ್ಲಾಸ್ಟಿಕ್ ಬಕೀಟು ಮಡಿಗೆ ನಡಿಯೂದಿಲ್ಲ ಅಂತ ತಾಮ್ರದ ಹಂಡೇನ ಬೇಕಂದ್ರು. ಅದರ ಬಾಯಿಗೆ ಅಡ್ಡ ಕೋಲಿಟ್ಟು ಕಾಯಿಲ್ ಇಳಿಬಿಟ್ವಿ. ಬಟನ್ನು, ಬಾಗಲಾ ಎಲ್ಲಾರೂ ಮುಟ್ಟೋವು, ಮೈಲಿಗಿ. ಹಿಂಗಾಗಿ ಅವರು ಒಳಗ ಕೂತು ಹುಕುಂ ಮಾಡೋರು, ನಾವು ಹೊರಗ ನಿಂತು ನಡಸೋರು. ‘ಹಾಕು’ ಅಂದ್ರ ಬಟನ್ ಒತ್ತಬೇಕು, ನೀರು ಕಾದು ‘ತೆಗಿ’ ಅಂದ್ರ ಬಂದ್ ಮಾಡಬೇಕು. ಆಮ್ಯಾಲೆ ಅವರು ಹಂಡೆಗೆ ತಂಬಿಗಿ ಅದ್ದೋರು.

ಆ ಮುಂಜಾನೆ ನಾ ಅಡಗಿಮನಿಯಾಗ ಅಕ್ಕಿ ಆರಸ್ತಿದ್ದೆ. ನಮ್ಮನಿಯವ್ರು ಬಚ್ಚಲದ ಮುಂದ ಪೇಪರ್ ಹಿಡಕೊಂಡು ನಿಂತಿದ್ರು. ನೀರು ಕಾದಿತ್ತು, ಬಟನ್ ಬಂದ್ ಆಗಿತ್ತು. ಅತ್ತಿ ಒಂದು ತಂಬಿಗಿ ಮೈಮ್ಯಾಲೆ ಸುರುವಿಕೊಂಡಿದ್ರು. ಅಷ್ಟರಾಗ ಗಾಳಿಗೆ ಬಾಗಲಾ ತೆರೀತು. ಮಡಿಲೆ ಅದನ್ನ ಹ್ಯಾಂಗ ಮುಟ್ಟೋದು? ಒಳಗಿಂದ "ಹಾಕೋ" ಅಂದು ಮತ್ತ ಹಂಡೆಗೆ ತಂಬಿಗಿ ಅದ್ದಿದ್ರು. ಮಗ ಪೇಪರಿನ ಮ್ಯಾಲಿನ ಕಣ್ಣು ತೆಗೀದ ಬಟನ್ ಒತ್ತಿದ್ರು.

ತಂಬಿಗಿ ಬಿದ್ದ ಸಪ್ಪಳ ಕೇಳ್ತು. ಅದರ ಹಿಂದ ಏನೂ ಕೇಳಲಿಲ್ಲ. ಓಡಿಹೋಗಿ ಬಟನ್ ಬಡದೆ, ಒಳಗ ಹೊಕ್ಕೆ. ಅತ್ತಿ ಫರಸಿ ಮ್ಯಾಲೆ ಬಿದ್ದಿದ್ರು, ಬಲಗೈ ಮುದುಡಿತ್ತು, ಕಣ್ಣು ತೆರದಿದ್ವು. ಬಗಲಾಗ ಕೈ ಕೊಟ್ಟು ಎತ್ತಿ ಎದಿಗೆ ಒರಗಿಸಿಕೊಂಡೆ. ಎಷ್ಟೊತ್ತಿಗೋ ಉಸುರು ತಿರಗಿ ಬಂತು, ಕಣ್ಣು ನನ್ನ ಕಡೆ ಹೊಳ್ಳಿದ್ವು.

"ಮುಟ್ಟಿದಿಯಲ್ಲ ನೀ" ಅಂದ್ರು.

ನನ್ನ ಮೈ ಉರೀತು. "ಮುಟ್ಟದ ಬಿಟ್ಟಿದ್ರ ಹೋಗಿಬಿಡ್ತಿದ್ರಿ" ಅಂದೆ. ಅವರು ಗೋಡಿ ಹಿಡಕೊಂಡು ಎದ್ದು, ನಳದ ತಣ್ಣೀರು ಬಿಟ್ಟು, ನಾ ಮುಟ್ಟಿದ ಮೈಲಿಗಿ ತೊಳಕೊಳ್ಳಿಕ್ಕೆ ತಲಿಮ್ಯಾಲೆ ಸುರುವಿಕೊಂಡ್ರು. ಹಲ್ಲು ಕಟಕಟ ಅಂತಿದ್ವು. ಬಾಗಲದಾಗ ನಮ್ಮನಿಯವ್ರು ಬೆಳ್ಳಗಾಗಿ ನಿಂತು, "ನೀನ ಹಾಕು ಅಂದಿಯಲ್ಲವ್ವಾ" ಅಂದ್ರು.

"ಬಾಗಲಾ ಅಂದೆ" ಅಂದ್ರು ಅತ್ತಿ.

ಸಂಜೀಕ ದಮ್ಮು ಏರ್ತು. ದಿಂಬಿಗೆ ಆನಿಸಿ ಕೂಡಿಸಿದ್ರೂ ಉಸುರಿನ ಸುಂಯ್ ಸುಂಯ್ ಗೋಡಿ ಆಚೀಗೂ ಕೇಳ್ತಿತ್ತು. ಮರುದಿವಸ ನಮ್ಮನಿಯವ್ರು, ನಾ ಬಾಯಿ ತೆಗೆಯೋಕಿಂತ ಮೊದಲ, ರೋಜಾ ಓಣಿಯಿಂದ ಮಿಸ್ತ್ರಿನ್ನ ಕರಕೊಂಡು ಬಂದ್ರು. ಮಿಸ್ತ್ರಿ ಸಾಬರು ಹಸಿರು ವಾಯರ್ ನೋಡಿ "ತೌಬಾ" ಅಂದ್ರು. ಹಿತ್ತಲದಾಗ ತಗ್ಗು ತೋಡಿ, ಇದ್ದಲಿ, ಉಪ್ಪು ಹಾಕಿ ಅರ್ಥಿಂಗ್ ಮಾಡಿದ್ರು. ಮೂರು ತೂತಿನ ಪ್ಲಗ್ ಕೂಡಿಸಿದ್ರು. ಹೋಗಬೇಕಾದ್ರ ನನ್ನ ಕರದು, "ಬಟನ್ ಮ್ಯಾಲೆ ಭರೋಸಾ ಇಡಬ್ಯಾಡ್ರಿ ಅಮ್ಮಾ. ಪ್ಲಗ್ ಕಿತ್ತು ಕೈಯಾಗ ಹಿಡಕೊಂಡ ಮ್ಯಾಲೆ ನೀರು ಮುಟ್ರಿ" ಅಂದ್ರು.

ಇಷ್ಟಾದ್ರೂ ಅತ್ತಿ ತಣ್ಣೀರ ಜಳಕಾ ಬಿಡಲಿಲ್ಲ. ಸಾಬರು ಹಂಡೆ ಮುಟ್ಟ್ಯಾರ, ಮಡಿಗೆ ಬರೂದಿಲ್ಲ ಅಂದ್ರು. ಹುಣಚಿಹಣ್ಣು ಹಚ್ಚಿ ಫಳಫಳ ತಿಕ್ಕಿದೆ. ಆಗ ಕಾಯಿಲ್ ಮುಟ್ಟ್ಯಾರ ಅಂದ್ರು. ಕಡೀಕ, "ನನ್ನ ಕಮಲಾಪುರಕ್ಕ ಬಿಟ್ಟು ಬರ್ರಿ, ನನ್ನ ಒಲಿ ನನಗ ಸಾಕು" ಅಂತ ಗಂಟು ಕಟ್ಟಲಿಕ್ಕೆ ಕೂತ್ರು. ಆ ಒಲಿ ಹೊಗಿ, ಡಾಕ್ಟರ ಮಾತು, ಎರಡೂ ನನ್ನ ಕಣ್ಣಮುಂದ ಬಂದ್ವು. ಮಗ ಮೂಲಿ ಹಿಡದು ಕೂತಿದ್ರು, ಬಟನ್ ಕಡೆ ಹಾಯೂದನ್ನ ಬಿಟ್ಟಿದ್ರು. ನನಗ ತಡಕೊಳ್ಳಿಕ್ಕೆ ಆಗಲಿಲ್ಲ.

"ಹೋಗ್ರಿ. ಮಡಿ ಮಡಿ ಅಂತ ಜೀವಾ ಕಳಕೋರಿ. ಬದುಕಿಸಲಿಕ್ಕೆ ಬಂದವರ ಕೈ ನಿಮಗ ಮೈಲಿಗಿ, ಎತ್ತಿದ ನನ್ನ ಕೈನೂ ಮೈಲಿಗಿ. ನಾಳೆ ನಿಮಗೇನರೆ ಆದ್ರ ಈ ಕೈಲೆ ನಾ ಅನ್ನಾ ಹ್ಯಾಂಗ ಉಣ್ಣಲಿ?"

ಅತ್ತಿ ಗಂಟಿನ ಮ್ಯಾಲಿನ ಕೈ ತೆಗದ್ರು. ಕರೆಂಟಿಗೆ ಸುಟ್ಟ ಬಲಗೈ ಬೆರಳಿನ ತುದಿ ಇನ್ನೂ ಕರ್ರಗಿದ್ವು.

"ಮಡಿ ಅಲ್ಲವಾ" ಅಂದ್ರು ಸಣ್ಣ ದನೀಲೆ. "ಆ ಹಂಡೆ ನೋಡಿದ್ರ ಹೆದರಿಕಿ ಬರ್ತದ."

ಮದಿವ್ಯಾಗಿ ಬಂದಾಗಿಂದ ಆ ಬಾಯಾಗ ಹೆದರಿಕಿ ಅನ್ನೋ ಮಾತು ಕೇಳಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋತೋ ಗೊತ್ತಿಲ್ಲ, ಅಳು ಬಂತು.

ಮರುದಿವಸ ನೀರು ಕಾದ ಮ್ಯಾಲೆ ಪ್ಲಗ್ ಕಿತ್ತು ಕೈಯಾಗ ಹಿಡಕೊಂಡು ಸೀದಾ ಬಚ್ಚಲದಾಗ ಹೊಕ್ಕೆ. ಕಾಯಿಲ್ ಎತ್ತಿ ಅವರಿಗೆ ತೋರಿಸಿ ಹೊರಗಿಟ್ಟೆ. ಬಾಗಲಾ ಹೇಳಿಸಿಕೊಳ್ಳದ ಮುಚ್ಚಿದೆ. ಆಮ್ಯಾಲೆ ಮೊಣಕೈತನಕ ಹಂಡೆದಾಗ ಕೈ ಅದ್ದಿ, "ನೋಡ್ರಿ, ಏನಿಲ್ಲ" ಅಂದೆ. ಅದ್ದಿದ ಮ್ಯಾಲೆ ನೆಪ್ಪಾತು, ಹಂಡೆ ತುಂಬ ನೀರು ಮೈಲಿಗಿ ಮಾಡಿದೆ ಅಂತ. ಈಗ ಚೆಲ್ಲತಾರ, ನಳಾ ಬಿಡತಾರ ಅಂತ ಕಾದೆ.

ಅತ್ತಿ ಮಣಿ ಮ್ಯಾಲೆ ಕೂತಿದ್ರು. ಸುಟ್ಟ ಕೈ ತೊಡಿಮ್ಯಾಲಿತ್ತು.

"ಹಾಕು" ಅಂದ್ರು.

ಹಂಡೆದಾಗಿನ ಕೈ ಹೊರಗ ತೆಗದೆ. "ಏನು ಹಾಕಲಿ?"

"ನೀರು ಹಾಕವಾ. ನನ್ನ ಕೈ ಏಳವಲ್ದು."