ಮಾವ್ಶಿಗೊಂದು ಪಿಕಪ್

ಈ ಪ್ರಯಾಣದ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅದು ೧೯೬೪ರ ಮೇ ತಿಂಗಳೋ ಅದರ ಮರುವರ್ಷದ್ದೋ ಈಗ ಖಚಿತವಿಲ್ಲ. ನಾನು ಎಂ.ಎ. ಪರೀಕ್ಷೆ ಬರೆದು ಊರಿಗೆ ಬಂದಿದ್ದೆ ಎಂಬುದು ಮಾತ್ರ ಗೊತ್ತು. ಇನ್ನೊಂದು ತೊಡಕೂ ಇದೆ. ಮನೆಯೊಳಗೆ ನಮ್ಮ ಮಾತು ಕೊಂಕಣಿ, ಮಂಗಳೂರಿನ ಗ್ಯಾರೇಜುಗಳಲ್ಲಿ ನಡೆದದ್ದು ಅರ್ಧ ತುಳು. ಇಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ. ಮಾತಿನ ಅರ್ಥಕ್ಕೆ ನಾನು ಹೊಣೆ, ಶಬ್ದಗಳಿಗೆ ಅಲ್ಲ.

ಮೂಡಬಿದ್ರೆಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು, ನಾನು ಮತ್ತು ಸೆವ್ರಿನ್ ಮಾವ್ಶಿ. ಮಾವ್ಶಿ ನನ್ನ ತಾಯಿಯ ತಂಗಿ. ಗಂಡ ತೀರಿಕೊಂಡ ಮೇಲೆ ಸುತ್ತಲಿನ ಮನೆಗಳಿಂದ ತರಕಾರಿ, ಬಾಳೆಕಾಯಿ, ಮೊಟ್ಟೆ ಕೊಂಡು ಮಂಗಳೂರಿನ ಒಂದು ಬೋರ್ಡಿಂಗ್ ಶಾಲೆಯ ಅಡುಗೆಮನೆಗೆ ಒದಗಿಸುತ್ತಿದ್ದಳು. ಸಾಮಾನು ಹೋಗುತ್ತಿದ್ದದ್ದು ಬಾಡಿಗೆ ವ್ಯಾನಿನಲ್ಲಿ. ಅದರ ಯಜಮಾನನೇ ಚಾಲಕ. ಆತ ಈಸ್ಟರಿನ ಬಳಿಕ ವ್ಯಾನು ಮಾರಿ ಬಹ್ರೇನ್‌ಗೆ ಹೋಗಿಬಿಟ್ಟ. ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಗಾಡಿಯ ವ್ಯವಸ್ಥೆ ಆಗದಿದ್ದರೆ ಸರಬರಾಜು ಬೇರೆಯವರ ಪಾಲಾಗುತ್ತದೆ ಎಂದು ಅಡುಗೆಮನೆ ನೋಡಿಕೊಳ್ಳುವ ಸಿಸ್ಟರ್ ನಯವಾಗಿಯೇ ತಿಳಿಸಿದ್ದರು. ಮಾವ್ಶಿಗೆ ಇದ್ದ ಆದಾಯ ಅದೊಂದೇ.

"ಗಾಡಿ ತಗೊಂಡ್ರೆ ಆಯ್ತಾ? ಬಿಡುವವ ಯಾರು?" ಎಂದು ಹಿಂದಿನ ದಿನ ನನ್ನ ತಂದೆ ಕೇಳಿದ್ದರು.

"ಮೊದಲು ಗಾಡಿ ಬರ್ಲಿ ಭಾವ" ಎಂದಿದ್ದಳು ಮಾವ್ಶಿ.

ಮಂಗಳೂರಿಗೆ ಸುಮಾರು ಇಪ್ಪತ್ತೆರಡು ಮೈಲಿ. ಟಿಕೆಟ್ಟು ಒಂದು ರೂಪಾಯಿಯ ಆಸುಪಾಸು ಇದ್ದಿರಬೇಕು. ಮಳೆ ಇನ್ನೂ ಬಂದಿರಲಿಲ್ಲ, ಬೆಳಿಗ್ಗೆಯೇ ಕುತ್ತಿಗೆ ಬೆವರುತ್ತಿತ್ತು. ಗುರುಪುರದ ಸೇತುವೆ ದಾಟಿದೊಡನೆ ಕೆತ್ತಿಕಲ್ಲಿನ ಏರು. ಬಸ್ಸು ಅಲ್ಲಿ ಒಂದನೇ ಗೇರಿನಲ್ಲಿ ನರಳಿತು, ಯಾರೋ ಬಾಯಿಯೊಳಗೆ ಜಪ ಮಾಡಿದರು. ಮಾವ್ಶಿ ಮಡಿಲಲ್ಲಿ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಚಾಲಕನ ಕಾಲುಗಳನ್ನೇ ನೋಡುತ್ತಿದ್ದಳು. ಇದು ಆಗಲೇ ನನ್ನ ಕಣ್ಣಿಗೆ ಬಿದ್ದದ್ದೋ, ಸಂಜೆಯ ಬಳಿಕ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ.

ಹಂಪನಕಟ್ಟೆಯಲ್ಲಿ ಚಹಾ ಮತ್ತು ಬನ್ಸ್ ಆದ ಮೇಲೆ ಮೊದಲು ದೇರೆಬೈಲಿಗೆ ಹೋದೆವು. ಕಾಫಿ ತೋಟವೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರೊಬ್ಬರು ಅಲ್ಲಿ ತಮ್ಮ ಪಿಕಪ್ಪನ್ನು ಮಾರಲಿಟ್ಟಿದ್ದರು. ಹಸಿರು ಬಣ್ಣ, ಉದ್ದ ಮೂತಿ, ಹೊಸ ಟಯರು. ಇಂಜಿನ್ನು ಶುರುಮಾಡಿದರೆ ಪಕ್ಕದಲ್ಲಿ ನಿಂತು ಮಾತಾಡಬಹುದಿತ್ತು. ಇದೇ ಆಯಿತು, ಮಧ್ಯಾಹ್ನದ ಬಸ್ಸಿಗೆ ವಾಪಸು ಎಂದುಕೊಂಡೆ. ಮಾವ್ಶಿ ಸುತ್ತ ಒಂದು ಬಾರಿ ನಡೆದಳು, ಬಾಗಿಲು ತೆರೆದು ಒಳಗೆ ಇಣುಕಿದಳು.

"ಈ ಸೀಟು ಮುಂದೆ ಬರ್ತದಾ?"

"ಸೀಟು ಯಾಕೆ ಮುಂದೆ ಬರ್ಬೇಕು? ಡ್ರೈವರ್ ಅಷ್ಟು ಗಿಡ್ಡನಾ?" ಎಂದರು ಅವರು.

"ಡ್ರೈವರ್ ಇನ್ನೂ ಗೊತ್ತಾಗ್ಲಿಲ್ಲ. ಬರ್ತದಾ, ಇಲ್ವಾ?"

ಬರುತ್ತಿರಲಿಲ್ಲ. ಬೋಲ್ಟು ಹಾಕಿ ಕೂರಿಸಿದ ಸೀಟು ಅದು. ಅವರ ಹೆಂಡತಿ ಕೊಟ್ಟ ಲಿಂಬೆ ಪಾನಕ ಕುಡಿದು, ಮಾವ್ಶಿ "ಗಾಡಿಗೆ ದೋಷ ಇಲ್ಲ" ಎಂದು ಹೇಳಿ ಎದ್ದುಬಿಟ್ಟಳು. ದೋಷವಿಲ್ಲದ ಗಾಡಿಯನ್ನು ಬಿಟ್ಟು ಹೋಗುವವರನ್ನು ಆ ಮನುಷ್ಯ ಗೇಟಿನ ತನಕ ಬಂದು ನೋಡಿದರು. ದಾರಿಯಲ್ಲಿ ನಾನು ಸ್ವಲ್ಪ ಜೋರಾಗಿಯೇ ಕೇಳಿದೆ, ಎಂತ ಬೇಕು ನಿನಗೆ ಎಂದು. "ಪೆಟ್ರೋಲು ಕುಡೀತದೆ ಅದು" ಎಂದಳು. ನಂಬಿದೆ.

ಎರಡನೆಯದು ಬಂದರಿನಲ್ಲಿ ಮೀನಿನ ವ್ಯಾಪಾರಿಯೊಬ್ಬನ ಮೂರು ಚಕ್ರದ ಗಾಡಿ. ಅಗ್ಗ, ಎರಡು ವರ್ಷ ಮಾತ್ರ ಹಳೆಯದು. ಮಾವ್ಶಿ ಅದರ ಅಂಚಿಗೆ ಕೈಯಿಟ್ಟು ಒಮ್ಮೆ ನೂಕಿದಳು. ಗಾಡಿ ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. "ಕೆತ್ತಿಕಲ್ಲಿನ ತಿರುವಿನಲ್ಲಿ ಇದು ನನ್ನನ್ನು ಕೇಳದೆ ಮಲಗ್ತದೆ" ಎಂದಳು. ಅಲ್ಲೇ ಹತ್ತಿರ ಒಂದು ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಒಣಮೀನಿನ ಚಟ್ನಿ ಉಂಡೆವು. ಆಕಾಶ ಕಪ್ಪಾಗಿ ಮತ್ತೆ ಬಿಳಿಚಿತು, ಹನಿ ಬೀಳಲಿಲ್ಲ.

ಉಳಿದದ್ದು ಪಂಪ್‌ವೆಲ್ಲಿನ ಇಸ್ಮಾಯಿಲ್ ಬ್ಯಾರಿಯ ಗ್ಯಾರೇಜು. ಗದ್ದೆಯ ಬದಿಗೆ ತಗಡಿನ ಮಾಡು, ಅದರಡಿಯಲ್ಲಿ ಜೀಪಿನ ಮೈಗೆ ಹಿಂದೆ ಮರದ ತೊಟ್ಟಿ ಜೋಡಿಸಿದ ಗಿಡ್ಡ ಪಿಕಪ್. ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಲಾಗಿತ್ತು. ಗೇರು ಬದಲಿಸಿದಾಗ ತೆಂಗಿನಕಾಯಿ ತುರಿದಂತೆ ಸದ್ದು. ಮಾವ್ಶಿ ಬುಟ್ಟಿಯನ್ನು ಹಿಂದಿನ ತೊಟ್ಟಿಯಲ್ಲಿ ಇಡುತ್ತಲೇ ಬ್ಯಾರಿ ನಕ್ಕ.

"ಎಂತ ಬಾಯಮ್ಮ, ಗಾಡಿಯನ್ನು ಕಾವಿಗೆ ಕೂರಿಸ್ತೀರಾ?" ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಅಲ್ಲಿಯವರು ಬಾಯಮ್ಮ ಎಂದೇ ಕರೆಯುವುದು.

"ನಾನು ಸಾಗಿಸುವುದು ಇದನ್ನೇ. ಒಡೆದ ಮೊಟ್ಟೆಯನ್ನು ಸಿಸ್ಟರ್ ತಗೊಳ್ಳುವುದಿಲ್ಲ. ನಿಮ್ಮ ಆ ಕೆಂಪುಕಲ್ಲು ಸಹ ಹಾಕಿ. ಖಾಲಿ ಗಾಡಿ ಯಾವುದಾದ್ರೂ ಗುಡ್ಡೆ ಹತ್ತುತ್ತದೆ."

"ಗುಡ್ಡೆ ಎಲ್ಲಿ ಉಂಟು ಇಲ್ಲಿ?"

"ಕೆತ್ತಿಕಲ್."

"ಅಲ್ಲಿಯವರೆಗೆ ಪೆಟ್ರೋಲು ಯಾರದ್ದು ಮಾರಾಯ್ತಿ?"

"ಗಾಡಿ ತಗೊಂಡ್ರೆ ನನ್ನದು, ತಗೊಳ್ಳದಿದ್ರೆ ನಿಮ್ಮದು."

ಅವನು ಗೊಣಗುತ್ತಲೇ ಕಲ್ಲು ತುಂಬಿದ. ಮೂವರೂ ಮುಂದೆ ಒತ್ತಿ ಕೂತೆವು. ವಾಮಂಜೂರಿನ ಗದ್ದೆಗಳನ್ನು ದಾಟಿ, ಕೆತ್ತಿಕಲ್ ಇಳಿದು, ಗುರುಪುರದ ಸೇತುವೆಯ ಬಳಿ ತಿರುಗಿಸಿಕೊಂಡು ಮತ್ತೆ ಏರತೊಡಗಿದೆವು. ಗಾಡಿ ಕೂಗಿಕೊಂಡರೂ ಹತ್ತುತ್ತಿತ್ತು. ಏರಿನ ನಡುವೆ, ಅತ್ಯಂತ ಕಡಿದಾದ ಕಡೆ, ಮಾವ್ಶಿ ಹೇಳಿದಳು: "ಇಲ್ಲಿ ನಿಲ್ಲಿಸಿ."

"ಇಲ್ಲಿ ಎಂತಕ್ಕೆ? ನಿಂತ್ರೆ ಹಿಂದೆ ಹೋಗ್ತದೆ."

"ಹೋಗ್ತದಾ ಇಲ್ವಾ ನೋಡ್ಬೇಕಲ್ಲ. ನೀವು ಇಳೀರಿ, ನಾನು ಆಚೆ ಬರ್ತೇನೆ."

ಬ್ಯಾರಿ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಅವನಿಗೆ ಸಹಾಯವಾಗುವಂಥದ್ದು ಏನೂ ಇರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಮಾವ್ಶಿ ಐದಡಿಗೂ ಕಡಿಮೆ. ಸೀರೆಯ ನೆರಿಗೆಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿ ಸೀಟಿನ ಅಂಚಿಗೆ ಕೂತಳು. ಕಾಲು ಕ್ಲಚ್ಚಿಗೆ ಸರಿಯಾಗಿ ಮುಟ್ಟಿತು. ದೇರೆಬೈಲಿನ ಗಾಡಿ ಯಾಕೆ ಬೇಡವಾಯಿತೆಂದು, ಬಿಡುವವರು ಯಾರೆಂದು ಆಗ ತಿಳಿಯಿತು.

ಮೊದಲ ಸಲ ಇಂಜಿನ್ನು ಕುಲುಕಿ ನಿಂತುಹೋಯಿತು.

"ಸಾಕು ಬಾಯಮ್ಮ! ಗಾಡಿ ಹೊಳೆಗೆ ಬಿದ್ರೆ ತೆಗೆಯುವುದು ಯಾರು?" ಎಂದು ಬ್ಯಾರಿ ಹಿಂದಿನಿಂದ ಕೂಗಿದ.

"ನೀವು ಹಿಂದೆ ನಿಲ್ಬೇಡಿ, ಬದಿಗೆ ಹೋಗಿ."

ಅವಳ ಮೇಲ್ದುಟಿಯಲ್ಲಿ ಬೆವರು ನಿಂತಿತ್ತು. ಇದಾಗದಿದ್ದರೆ ಸಂಬಳದ ಚಾಲಕ ಬೇಕು. ಚಾಲಕನಿಗೆ ಕೊಟ್ಟರೆ ಅವಳಿಗೆ ಏನೂ ಉಳಿಯದು. ಇದನ್ನು ನಾನು ಆ ಹೊತ್ತಿಗೆ ಯೋಚಿಸಿದೆನೋ, ಹೆದರಿ ಬಾಗಿಲಿನ ಹಗ್ಗ ಹಿಡಿದಿದ್ದೆನೋ? ಎರಡನೆಯದೇ ಇರಬೇಕು. ಮತ್ತೆ ಶುರುಮಾಡಿ, ಇಂಜಿನ್ನನ್ನು ಕೂಗಿಸಿ, ಒಂದು ಕೈಯಲ್ಲಿ ಬ್ರೇಕ್ ಬಿಡುತ್ತಾ ಕಾಲನ್ನು ನಿಧಾನವಾಗಿ ಮೇಲೆತ್ತಿದಳು. ಗಾಡಿ ಒಂದು ಕ್ಷಣ ನಡುಗಿತು, ಆಮೇಲೆ ಹತ್ತಿತು. ಹಿಂದೆ ಒಂದಿಂಚೂ ಜಾರಲಿಲ್ಲ ಎಂಬುದು ನನ್ನ ನೆನಪು. ಕಲ್ಲಿಗೆ ಚಕ್ರ ತಾಗಿದ ಸದ್ದು ಕೇಳಿದ್ದೂ ನೆನಪಿದೆ. ಎರಡೂ ನಿಜವಾಗಿರಲಾರವು.

ಏರು ಮುಗಿದ ಮೇಲೆ ಮರದಡಿಗೆ ನಿಲ್ಲಿಸಿದಳು. ಬ್ಯಾರಿ ಲುಂಗಿ ಮೇಲೆತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತಾ ಬಂದ.

"ಬಾಯಮ್ಮ ಅಂತ ಯಾರು ಹೇಳಿದ್ದು ನಿಮ್ಮನ್ನು? ಮಿಲಿಟ್ರಿ ಮಾರಾಯ್ರೆ ನೀವು! ಲೈಸೆನ್ಸು ಉಂಟಾ?"

"ಇಲ್ಲ. ಮಾಡಿಸ್ತೇನೆ."

"ಇಲ್ಲ! ನನ್ನ ಗಾಡಿಯಲ್ಲಿ ಲೈಸೆನ್ಸು ಇಲ್ಲದೆ..."

"ನಿಮ್ಮದು ಅಲ್ಲ ಈಗ. ಮೊಟ್ಟೆ ಎಷ್ಟು ಒಡೆದಿದೆ ನೋಡಿ, ಆಮೇಲೆ ಕ್ರಯ ಮಾತಾಡುವ."

ಎರಡೋ ಮೂರೋ ಒಡೆದಿದ್ದವು. ಅವುಗಳ ಹೆಸರಿನಲ್ಲಿ ಮಾವ್ಶಿ ಇಳಿಸಿದ ಬೆಲೆ ಒಂದು ಕೋಳಿಗೂಡಿನಷ್ಟಾದರೂ ಇತ್ತು. ಬ್ಯಾರಿ ನಗುತ್ತಲೇ ಬೈದು ಒಪ್ಪಿಕೊಂಡ. ಶನಿವಾರ ಗಾಡಿಯನ್ನು ತಾನೇ ಮೂಡಬಿದ್ರೆಗೆ ತಂದುಕೊಟ್ಟು, ಮಾವ್ಶಿಗೆ ಲೈಸೆನ್ಸು ಆಗುವ ತನಕ ಪರಿಚಯದವನೊಬ್ಬನನ್ನು ಕಳಿಸುವುದೆಂದು ಮಾತಾಯಿತು. ನಮ್ಮನ್ನು ವಾಮಂಜೂರಿನಲ್ಲಿ ಬಿಟ್ಟು ಅವನು ಪಂಪ್‌ವೆಲ್ಲಿನ ಕಡೆ ಹೋದ. ಧೂಳಿನಲ್ಲಿ ಆ ಗಿಡ್ಡ ಗಾಡಿ ಮರೆಯಾಗುವ ತನಕ ಮಾವ್ಶಿ ನೋಡುತ್ತ ನಿಂತಳು.

ಸಂಜೆಯ ಬಸ್ಸಿನಲ್ಲಿ ಜನ ಕಡಿಮೆ. ಮಾವ್ಶಿ ಮದುವೆಗೆ ಮುಂಚೆ ಕೆಲವು ವರ್ಷ ಬೊಂಬಾಯಿಯಲ್ಲಿ ಯಾರದೋ ಮನೆಯ ಮಕ್ಕಳನ್ನು ನೋಡಿಕೊಂಡಿದ್ದಳು. ಅಲ್ಲಿಂದ ಒಂದು ದಿನ ಹೇಳದೆ ಕೇಳದೆ ವಾಪಸು ಬಂದಳಂತೆ. ಆ ವರ್ಷಗಳ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅವಳಂತೂ ಎತ್ತುವುದೇ ಇಲ್ಲ. ನಮ್ಮ ಬಂಧುಗಳಲ್ಲಿ ಆಗ ಯಾರ ಬಳಿಯೂ ಕಾರು ಇರಲಿಲ್ಲ, ಊರಿನಲ್ಲಿ ಅವಳು ಗಾಡಿ ಬಿಡಲು ಕಲಿತಿರಲಾರಳು. ಎರಡನ್ನೂ ಜೋಡಿಸಿ ನಾನೇ ಒಂದು ಕತೆ ಕಟ್ಟಿಕೊಳ್ಳಬಹುದು, ಕಟ್ಟಿಕೊಂಡರೆ ನಾಲ್ಕು ವರ್ಷದಲ್ಲಿ ಅದನ್ನೇ ನೆನಪು ಎಂದು ನಂಬುತ್ತೇನೆ. ಹಾಗಾಗಬಾರದೆಂದು ಅವಳನ್ನೇ ಕೇಳಿದೆ. ಅವಳು ಬುಟ್ಟಿಯೊಳಗಿನ ಭತ್ತದ ಹೊಟ್ಟನ್ನು ಸರಿಮಾಡುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಹತ್ತಿರ ಬಾಗಿ ಇನ್ನೊಮ್ಮೆ ಕೇಳಿದೆ:

"ಮಾವ್ಶಿ, ಗಾಡಿ ಬಿಡ್ಲಿಕ್ಕೆ ನಿನಗೆ ಕಲಿಸಿದ್ದು ಯಾರು?"