ಕೆಂಪು ನೀರಿಗೆ ಒಂದು ಚೆಂಬು ತಣ್ಣೀರು

ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು. ಜಡಿಮಳೆಯ ಒಂದು ಬೆಳಿಗ್ಗೆ ಅವಳಿಗೆ ಭೇದಿ ಸುರುವಾಯಿತು. "ಹಲ್ಲು ಬರುವಾಗ ಹಾಗೆಯೇ," ಎಂದರು ಅತ್ತೆ. ನನಗೆ ಸಮಾಧಾನವಾಗಲಿಲ್ಲ. ಆಫೀಸಿಗೆ ರಜೆ ಹೇಳಿ ಮಗುವಿನ ಪಕ್ಕದಲ್ಲೇ ಕೂತೆ.

ಮಧ್ಯಾಹ್ನದ ಹೊತ್ತಿಗೆ ಅವಳು ಅಳುವುದನ್ನೇ ನಿಲ್ಲಿಸಿದಳು. ಮನೆ ಹಾರಿಹೋಗುವ ಹಾಗೆ ಅತ್ತರೂ ನಾನು ಹೆದರುವವಳಲ್ಲ. ಸುಮ್ಮನಾದದ್ದು ಕಂಡು ಹೆದರಿ ಅವಳನ್ನು ಎತ್ತಿಕೊಂಡೆ. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿತ್ತು. ಬೆಳಿಗ್ಗೆಯಿಂದ ಮೂತ್ರವೇ ಹೋಗಿರಲಿಲ್ಲ. ಸೀತಾಂಗೋಳಿಯಿಂದ ಕಾಸರಗೋಡಿನವರೆಗೆ ಆಟೋದಲ್ಲಿ ಅವಳ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತೆ. ಉಸಿರು ತಾಗಿದರೂ ನಂಬಿಕೆ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಆ ಸಣ್ಣ ಕೈಗೆ ಡ್ರಿಪ್ ಹಾಕಿದರು. ಮಗುವಿಗೆ ಯಾವ ನೀರು ಕೊಡುವುದೆಂದು ಡಾಕ್ಟರು ಕೇಳಿದರು. ಜೊತೆಗೆ ಬಂದಿದ್ದ ಅತ್ತೆ ಸ್ನಾನವಾಗದೆ ಒಲೆ ಮುಟ್ಟುವವರಲ್ಲ; ಅವರಿಗೆ ಆ ಪ್ರಶ್ನೆಯೇ ಹಿಡಿಸಲಿಲ್ಲ.

"ಕುದಿಸಿದ್ದೇ ಡಾಕ್ಟ್ರೇ. ಪದಿಮುಗ ಮರದ ಚಕ್ಕೆ ಹಾಕಿ, ಚೆನ್ನಾಗಿ ಕೆಂಪಾಗುವವರೆಗೆ ಕುದಿಸುವುದು."

"ಆರಿಸಿ ಕೊಡುವುದಾ?"

"ಅಷ್ಟು ಹೊತ್ತು ಮಗು ಕಾಯ್ತದಾ? ಬಾಯಿ ಸುಡಬಾರದಲ್ಲ, ಹಾಗೆ ಒಂದು ಚೆಂಬು ಬಾವಿ ನೀರು ಸೇರಿಸುವುದು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಅಜ್ಜೀ, ಹಸಿ ನೀರು ಸೇರಿಸಿದರೆ ಕುದಿಸಿದ್ದು ಎಂತಕ್ಕೆ? ಈ ಮಳೆಗೆ ಬಾವಿಗೆ ಎಂತೆಲ್ಲ ಇಳಿದಿರ್ತದೆ."

ಅತ್ತೆ ಡ್ರಿಪ್ ಹಾಕಿದ ಆ ಸಣ್ಣ ಕೈಯನ್ನೇ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಯಾರ ಮೇಲೆ ಅಂತ ಸಿಟ್ಟಾಗುವುದು? ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ನೀರು ತಣಿಸುವುದೇ ಹಾಗೆ. ಬಣ್ಣ ಕೆಂಪಗೆ ಇರುವವರೆಗೆ ಅದು ಕುದಿಸಿದ ನೀರೇ ಎಂದು ಎಲ್ಲರ ಲೆಕ್ಕ.

ಸಂಜೆ ನನ್ನ ಮಡಿಲು ಒದ್ದೆಯಾಯಿತು. ಮಗು ಮೂತ್ರ ಮಾಡಿತೆಂದು ನಾನು ವಾರ್ಡಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೂ ಹೆದರಿಕೆ ಬಿಡಲಿಲ್ಲ. ಕಕ್ಕಸಿಗೆ ಹೋಗಿ ಬಂದವರ ಕೈಯನ್ನು ಪೊಲೀಸರ ಹಾಗೆ ನೋಡುತ್ತಿದ್ದೆ. ನೀರು ಕುದಿಸಿ, ಮುಚ್ಚಿಟ್ಟು, ತಾನಾಗಿ ಆರುವವರೆಗೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅತ್ತೆ ಒಂದು ಮಾತೂ ಎದುರಾಡಲಿಲ್ಲ. ಅದೇ ನನಗೆ ವಿಚಿತ್ರ ಅನಿಸುತ್ತಿತ್ತು.

ಒಂದು ದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಮಗಳು ಖಾಲಿ ಲೋಟ ಹಿಡಿದು ತಟ್ಟಾಡುತ್ತ ಅಜ್ಜಿಯ ಹತ್ತಿರ ಹೋದಳು. ಆರಿದ ನೀರಿನ ಪಾತ್ರೆ ಅವರ ಪಕ್ಕದಲ್ಲೇ ಇತ್ತು. ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನೀನೇ ಬಂದು ಕೊಡು," ಎಂದು ನನ್ನನ್ನು ಕರೆದರು. "ನನಗೆ ಹೆದರಿಕೆ ಆಗ್ತದೆ."