ನೆಗ್ಗಿದ ತಪ್ಪಲೆಯ ಚಂಗಲರಾಯಪ್ಪ

ಚಂಗಲರಾಯಪ್ಪನವರ ಹೋಟೆಲಿನಲ್ಲಿ ಎಲೆಯ ಮುಂದೆ ಕೂತವರಿಗೆ ಮೊದಲು ಸಿಗುತ್ತಿದ್ದುದು ಉಪ್ಪೂ ಅಲ್ಲ, ಪಲ್ಯವೂ ಅಲ್ಲ, ತಪ್ಪಲೆಯ ದರ್ಶನ. ದೊಡ್ಡ ಹಿತ್ತಾಳೆ ತಪ್ಪಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗಿರಾಕಿಯ ಮೂಗಿನ ಹತ್ತಿರ ತರುತ್ತಿದ್ದರು. ಒಳಗಿನ ಹುಳಿ ಒಂದು ಪಕ್ಕಕ್ಕೆ ಸರಿಯುವಂತೆ ವಾಲಿಸಿ, ಕಲಾಯಿ ಹಾಕಿಸಿದ ಬೆಳ್ಳನೆಯ ಒಳಮೈ ತೋರಿಸಿ, "ಚೂಡಂಡಿ! ಇಣುಕಿ ನೋಡಿ, ಆಮೇಲೆ ತಿನ್ನಿ. ನೋಡ್ದೆ ತಿನ್ನೋಕೆ ಇದೇನು ನಿಮ್ಮ ಅತ್ತೆಮನೆನಾ?" ಎನ್ನುತ್ತಿದ್ದರು. ವಾಲಿಸುವ ಭರದಲ್ಲಿ ಹುಳಿ ಗಿರಾಕಿಯ ಪಂಚೆಯ ಮೇಲೆ ಚೆಲ್ಲಿದ್ದೂ ಉಂಟು. ಅದಕ್ಕೆ ಅವರು ಕ್ಷಮೆ ಕೇಳುತ್ತಿರಲಿಲ್ಲ. ಪಂಚೆಗೆ ಬಿದ್ದಷ್ಟನ್ನು ಎಲೆಗೆ ಹೆಚ್ಚಿಗೆ ಹಾಕಿ ಲೆಕ್ಕ ಸರಿಮಾಡುತ್ತಿದ್ದರು.

ಇಂಥ ಮನುಷ್ಯ ಊಟತಿಂಡಿಯ ಶುಚಿತ್ವದ ಕಾನೂನಿಗೆ ಬದ್ಧವೈರಿಯಾಗಿದ್ದರು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬಲೇಬೇಕು. ಏಕೆಂದರೆ ಆ ಕಾನೂನನ್ನು ಊರಿಗೆ ಹೊತ್ತು ತಂದ ಹೆಲ್ತ್ ಇನ್ಸ್‌ಪೆಕ್ಟರ್ ನಾನೇ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನವರು ಈಗಲೂ ಬಸ್ಸು ಹತ್ತಿ ಜಗಳಕ್ಕೆ ಬರುತ್ತಾರೆ. ಕೋಲಾರದ ಕಡೆಯಿಂದ ಮುಳಬಾಗಿಲು ದಾಟಿ ಹೋಗುವ ರಸ್ತೆಯಲ್ಲಿದೆ ಎಂದರೆ ಸಾಕು. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಊರು. ಜಗಳಕ್ಕೆ ಮಾತ್ರ ಎರಡನ್ನೂ ಪೂರ್ತಿ ಬಳಸುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ. ಮೈಸೂರಿನಲ್ಲಿ ತರಬೇತಿ ಮುಗಿಸಿ, ತಲೆಗೊಂದು ಖಾಕಿ ಟೋಪಿ ಏರಿಸಿಕೊಂಡು ನಾನು ಅಲ್ಲಿಗೆ ಬಂದಿದ್ದೆ. ಆ ಟೋಪಿಯ ಮೇಲೆ ನನಗೆ ಬಹಳ ಅಭಿಮಾನವಿತ್ತು. ಚಂಗಲರಾಯಪ್ಪನವರಿಗೂ ಇತ್ತು; "ಮಳೆ ಬಂದ್ರೆ ಬೋಂಡಾ ಮುಚ್ಚೋಕೆ ಚೆನ್ನಾಗೈತೆ" ಎನ್ನುತ್ತಿದ್ದರು.

ಅವರು ಬರೀ ಹೋಟೆಲಿನವರಲ್ಲ, ಊರ ಮುನಿಸಿಪಾಲಿಟಿಯ ಮೆಂಬರು ಕೂಡ. ಮೀಟಿಂಗಿನ ದಿನ ಎಲ್ಲ ಮೆಂಬರುಗಳಿಗೂ ಅವರ ಹೋಟೆಲಿನಿಂದಲೇ ತಿಂಡಿ ಬರುವುದು ಊರಿನ ಪದ್ಧತಿ. ಬೇರೆ ಊರುಗಳಲ್ಲಿ ಮೀಟಿಂಗಿಗೆ ಜನ ಸೇರುವುದಿಲ್ಲವೆಂಬ ಗೋಳು; ನಮ್ಮಲ್ಲಿ ಜ್ವರ ಬಂದವರೂ ಹೊದ್ದುಕೊಂಡು ಬರುತ್ತಿದ್ದರು.

ನಾನು ಮೊದಲು ತಂದ ನಿಯಮ ನೊಣದ ಮೇಲಿನದು. ತಿಂಡಿಯನ್ನೆಲ್ಲ ತಂತಿ ಬಲೆಯ ಬೀರುವಿನಲ್ಲಿಡಬೇಕು. ಚಂಗಲರಾಯಪ್ಪನವರಿಗೆ ನೊಣದ ಬಗ್ಗೆ ಬೇರೆಯೇ ಸಿದ್ಧಾಂತವಿತ್ತು: ನೊಣ ಕೂರದ ಜಿಲೇಬಿಯಲ್ಲಿ ಸಕ್ಕರೆಯಿಲ್ಲ. ಎಷ್ಟು ತಿಳಿಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನೋಟೀಸಿಗೆ ಹೆದರಿ ಬೀರು ಮಾಡಿಸಿದರು. ನಾನು ತನಿಖೆಗೆ ಹೋದಾಗ ಅದರೊಳಗೆ ಅವರ ರುಮಾಲು, ಕೊಡೆ, ಒಂದು ಜೊತೆ ಚಪ್ಪಲಿ ಇದ್ದವು. ವಡೆಗಳು ಎಂದಿನಂತೆ ಹೊರಗೆ ಬಾಳೆಲೆಯ ಮೇಲೆ ಗಾಳಿ ತೆಗೆದುಕೊಳ್ಳುತ್ತಿದ್ದವು.

"ಇದೇನು ಚಂಗಲರಾಯಪ್ಪನವರೇ?"

"ವಡೆನ ಅದ್ರಾಗೆ ಇಟ್ಟು ನೋಡ್ದೆ ಇನ್ಸ್‌ಪೆಕ್ಟ್ರೇ. ಜೈಲಿಗೆ ಹಾಕ್ದಂಗೆ ಕಾಣ್ತು. ಗಿರಾಕಿಗಳು ದೂರದಿಂದ್ಲೇ ನೋಡಿ ಹೋಗ್ಬಿಡ್ತಾರೆ. ಪಾಪ, ವಡೆ ಏನ್ ತಪ್ಪು ಮಾಡೈತೆ?"

ಆ ವಿಷಯದಲ್ಲಿ ಅವರು ತಪ್ಪು, ನಾನು ಸರಿ. ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಚಪ್ಪಲಿಗಳಿಗೆ ಮಾತ್ರ ನೊಣದ ಕಾಟ ತಪ್ಪಿತು.

ಎರಡನೆಯ ನಿಯಮ ಕಲಾಯಿಯದು. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಹಸಿರು ಕಿಲುಬು ಬಂದು ವಾಂತಿ ಹಿಡಿಯುವುದು ಎಲ್ಲರಿಗೂ ಗೊತ್ತಿತ್ತು. ಆ ಬೇಸಿಗೆಯಲ್ಲಿ ಒಂದು ಮದುವೆಯ ದಿಬ್ಬಣ ಇಡಿಯಾಗಿ ಆಸ್ಪತ್ರೆಯ ಜಗುಲಿಯ ಮೇಲೆ ಮಲಗಿತ್ತು. ಹೀಗಾಗಿ, ಹೋಟೆಲಿನ ಪ್ರತಿಯೊಂದು ಪಾತ್ರೆಗೂ ಕಲಾಯಿ ಇರಬೇಕು, ಇಲ್ಲದಿದ್ದರೆ ಲೈಸೆನ್ಸ್ ರದ್ದು ಎಂದು ಮುನಿಸಿಪಾಲಿಟಿ ನಿರ್ಣಯ ಮಾಡಿತು. ಊರಿನಲ್ಲಿ ಕಲಾಯಿ ತಪ್ಪಿಸದೆ ಹಾಕಿಸುತ್ತಿದ್ದವರು ಚಂಗಲರಾಯಪ್ಪ ಒಬ್ಬರೇ. ಆ ನಿರ್ಣಯದ ವಿರುದ್ಧ ಕೈಯೆತ್ತಿದವರೂ ಅವರೊಬ್ಬರೇ. ಕಲಾಯಿಯ ಖರ್ಚನ್ನು ಊರೇ ಕೊಡಬೇಕೆಂದು ಅವರ ಪಟ್ಟು.

ನಮ್ಮ ಪ್ರೆಸಿಡೆಂಟರು ರಿಟೈರಾದ ಅಮಲ್ದಾರರು. ಒಳ್ಳೆಯವರು, ಆದರೆ ಮುನಿಸಿಪಾಲಿಟಿಯ ದುಡ್ಡೆಂದರೆ ತಮ್ಮ ಜುಟ್ಟಿನ ಕೂದಲು ಎಂಬಂತೆ ಕಾಯುತ್ತಿದ್ದರು. "ವ್ಯಾಪಾರ ಅವರದು, ಲಾಭ ಅವರದು. ಕಲಾಯಿ ಖರ್ಚು ಮಾತ್ರ ಊರಿನದೇನ್ರೀ?" ಎಂದರು.

"ಹೋಟ್ಲಾಗೆ ಉಣ್ಣೋರು ಯಾರು ಸಾಮಿ? ಊರೋರೇ. ಕಾಯ್ಲೆ ಬಂದ್ರೆ ಊರಿಗೆಲ್ಲ ಬರ್ತದೆ. ಕಲಾಯಿ ಮಾತ್ರ ಆ ಅಕ್ಕಯಮ್ಮ ಒಬ್ಳೇ ಹಾಕಿಸ್ಬೇಕಾ?" ಎಂದರು ಚಂಗಲರಾಯಪ್ಪ.

ಅಕ್ಕಯಮ್ಮ ಬಸ್ಸು ನಿಲ್ಲುವ ಕಡೆ ಹುಳಿಯನ್ನ, ಮೊಸರನ್ನ ಮಾರುತ್ತಿದ್ದ ವಿಧವೆ. ಒಂದು ಚಪ್ಪರ, ಒಂದು ಒಲೆ, ಒಂದು ತಪ್ಪಲೆ. ಇಷ್ಟೇ ಅವಳ ಹೋಟೆಲು. ಅವಳ ಹುಳಿಯನ್ನದಿಂದಾಗಿ ಚಂಗಲರಾಯಪ್ಪನವರ ಬೆಳಗಿನ ಗಿರಾಕಿಗಳೆಲ್ಲ ಕೈತಪ್ಪಿ ಹೋಗಿದ್ದರು. ದಿನವೂ ಅವಳನ್ನು ಬೈದುಕೊಂಡೇ ಅವರು ಒಲೆ ಹಚ್ಚುತ್ತಿದ್ದುದು. ಅವಳ ಪರವಾಗಿ ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡದ್ದೂ ಅದೇ ಬಾಯಿ.

ಇನ್ನು ತನಿಖೆಯ ದಿನದ ಕಥೆ. ಪೇಟೆಬೀದಿಯ ಮೊದಲ ಹೋಟೆಲಿಗೆ ಹೋದೆ. ತಪ್ಪಲೆ ಥಳಥಳ ಹೊಳೆಯುತ್ತಿತ್ತು. ಸಂತೋಷವಾಯಿತು. ಅಂಚಿನ ಕೆಳಗೆ ಮುಷ್ಟಿಯಷ್ಟು ದೊಡ್ಡ ನೆಗ್ಗು ಇತ್ತು. ಇರಲಿ, ನೆಗ್ಗಿಗೆ ಕಾನೂನಿಲ್ಲ. ಎರಡನೆಯ ಹೋಟೆಲಿನವನು ನನ್ನನ್ನು ಬಾಗಿಲಲ್ಲೇ ಕೂರಿಸಿ ಕಾಫಿ ಕೊಟ್ಟು, ಹೆಂಡತಿಯ ತವರಿನ ಸಮಾಚಾರವನ್ನೆಲ್ಲ ಹೇಳಿ, ಆಮೇಲೆ ಒಳಗೆ ಕರೆದ. ಅಲ್ಲೂ ಥಳಥಳಿಸುವ ತಪ್ಪಲೆ. ಅಲ್ಲೂ ನೆಗ್ಗು. ಮೂರನೆಯದರಲ್ಲಿ ಗೌನಿಪಲ್ಲಿಯ ಮಾವಿನಹಣ್ಣು ಹೆಚ್ಚಿಕೊಟ್ಟು ತಡ ಮಾಡಿದರು. ನೆಗ್ಗು ಅಲ್ಲಿಗೂ ಬಂದು ಕೂತಿತ್ತು. ನನಗೆ ಆಗ ಬುದ್ಧಿ ಬಂತು. ಮುಂದಿನ ಹೋಟೆಲು ಬಿಟ್ಟು ನೆಟ್ಟಗೆ ಅಕ್ಕಯಮ್ಮನ ಚಪ್ಪರಕ್ಕೆ ನಡೆದೆ.

ನಾನು ಮುಂದಿನಿಂದ ಹೋಗುವುದಕ್ಕೂ, ಚಂಗಲರಾಯಪ್ಪನವರು ತಲೆಯ ಮೇಲೆ ತಮ್ಮ ತಪ್ಪಲೆ ಹೊತ್ತು ಹಿಂದಿನ ಸಂದಿಯಿಂದ ಬರುವುದಕ್ಕೂ ಸರಿಹೋಯಿತು. ಭಾರೀ ಶರೀರ. ಅಂಗಿಯೆಲ್ಲ ಒದ್ದೆ. ಉಸಿರು ಕಮ್ಮಾರನ ತಿದಿ. ತಪ್ಪಲೆಯನ್ನು ಒಲೆಯ ಪಕ್ಕ ಇಟ್ಟು ಅದರ ಮುಂದೆ ತಾವೇ ನಿಂತರು.

"ಇದು ಯಾರ ತಪ್ಪಲೆ?"

"ಅಕ್ಕಯಮ್ಮಂದು."

"ಈ ನೆಗ್ಗು?"

"ಏನ್ ಮಾಡೋದು ಇನ್ಸ್‌ಪೆಕ್ಟ್ರೇ, ಈ ಊರ ತಪ್ಪಲೆಗಳೆಲ್ಲ ಒಂದೇ ಕಡೆ ಬೀಳ್ತವೆ. ರಸ್ತೆ ಹಂಗೈತೆ. ರಸ್ತೆನೂ ನಿಮ್ ಮುನಿಸಿಪಾಲ್ಟಿದೇ ಅಲ್ವಾ?"

ನಗು ತಡೆದುಕೊಳ್ಳಲು ನಾನು ಟೋಪಿ ಸರಿಮಾಡಿಕೊಂಡೆ. ಆಮೇಲೆ ಅಕ್ಕಯಮ್ಮನಿಗೆ ಅವಳ ಸ್ವಂತ ತಪ್ಪಲೆ ತರಲು ಹೇಳಿದೆ. ಗೋಣಿಚೀಲದ ಕೆಳಗಿಂದ ತೆಗೆದು ಮುಂದಿಟ್ಟಳು. ತಳದಲ್ಲಿ ಅಂಗೈಯಗಲ ಹಸಿರು. ನಗು ಅಲ್ಲಿಗೇ ನಿಂತಿತು. ಕಲಾಯಿ ಆಗುವವರೆಗೆ ಒಲೆ ಹಚ್ಚಕೂಡದು, ಮುಂದಿನ ಮೀಟಿಂಗಿನ ಹೊತ್ತಿಗೂ ಆಗದಿದ್ದರೆ ಲೈಸೆನ್ಸ್ ಹೋಗುತ್ತದೆ ಎಂದೆ.

"ಒಲೆ ಹಚ್ಚಿದ್ರೆ ತಾನೇ ಸಾಮಿ ಕಲಾಯಿಗೆ ಕಾಸು?" ಎಂದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೇಟೆಬೀದಿಯವರಿಗೂ ಅದೇ ಅಪ್ಪಣೆ ಕೊಡಲು ಹೊರಟೆ; ಚಂಗಲರಾಯಪ್ಪನವರು ತಪ್ಪಲೆ ಹೊತ್ತು ಜೊತೆಗೆ ಬಂದರು. ದಾರಿಯಲ್ಲಿ ಅವರನ್ನು ಕೇಳಿದೆ: "ಅಷ್ಟು ಕನಿಕರ ಇದ್ದರೆ ನೀವೇ ಹಾಕಿಸಿಕೊಡಬಹುದಲ್ಲ?"

"ಕೇಳ್ದೆ. ಸೌಟು ತಗೊಂಡು ಅಟ್ಟಿಸ್ಕೊಂಡು ಬಂದ್ಲು. ಎರವಲು ತಗೋತಾಳೆ, ದಾನ ತಗೊಳ್ಳಲ್ಲ. ಅದೂ ನನ್ ಕೈಲಿ! ನಾನು ಅವಳ ಯಾಪಾರಕ್ಕೆ ಎದುರಾಳಿ ಅಲ್ವೇನ್ರೀ? ಅವಳಿಗೂ ಮರ್ಯಾದೆ ಐತೆ, ನನಗೂ ಐತೆ." ಸ್ವಲ್ಪ ದೂರ ನಡೆದು, "ಇರ್ಲಿ, ಮೀಟಿಂಗ್ನಾಗೆ ನೋಡ್ಕೋತೀನಿ" ಎಂದರು.

ಮೀಟಿಂಗಿನ ದಿನ ಮೆಂಬರುಗಳು ಎಂದಿನಂತೆ ಬೇಗ ಬಂದು ಕೂತಿದ್ದರು. ಚಂಗಲರಾಯಪ್ಪನವರು ಎಲೆ ಮುಚ್ಚಿದ ತಪ್ಪಲೆ ತಂದು ಮೇಜಿನ ಮೇಲಿಟ್ಟರು. ನೆಗ್ಗು ಇರಲಿಲ್ಲ. ಎಲೆ ತೆಗೆದು ಮೊದಲು ಪ್ರೆಸಿಡೆಂಟರ ಮುಂದೆ ವಾಲಿಸಿದರು.

"ಚೂಡಂಡಿ ಸಾಮಿ. ಹುಳಿಯನ್ನ. ಅಕ್ಕಯಮ್ಮನ ತಪ್ಪಲೆ. ಇಣುಕಿ ನೋಡಿ, ಆಮೇಲೆ ತಿನ್ನಿ."

ಪ್ರೆಸಿಡೆಂಟರು ಇಣುಕಿದರು. ಚಾಚಿದ್ದ ಕೈ ಹಿಂದಕ್ಕೆ ಹೋಯಿತು. "ಏನ್ರೀ ಇದು, ಕಿಲುಬು! ನಮ್ಮನ್ನೇನು ಸಾಯಿಸಬೇಕೂಂತಿದ್ದೀರಾ?"

"ನೀವು ಕಾನೂನು ಮಾಡಿ ಎಷ್ಟು ದಿನ ಆಯ್ತು ಸಾಮಿ? ಈ ತಪ್ಪಲೆಗೆ ಇನ್ನೂ ಗೊತ್ತೇ ಆಗಿಲ್ಲ. ಇದಕ್ಕೆ ಓದೋಕೆ ಬರಲ್ಲ, ನೋಡಿ. ಕಲಾಯಿಗೆ ತವರ ಬೇಕು, ಇದ್ದಲು ಬೇಕು, ಮುಳಬಾಗಿಲಿಂದ ಕಲಾಯಿ ಸಾಬ್ರು ಬರ್ಬೇಕು. ಬರೀ ಕಾನೂನು ಸಾಕು ಅನ್ನೋರು ಊಟ ಮಾಡ್ಲಿ. ನಾನು ಬಡಿಸ್ತೀನಿ."

ಯಾರೂ ಎಲೆ ಮುಟ್ಟಲಿಲ್ಲ. ಪ್ರೆಸಿಡೆಂಟರು ನನ್ನ ಕಡೆ ತಿರುಗಿ ನನ್ನ ಅಭಿಪ್ರಾಯ ಕೇಳಿದರು. ಕಾನೂನು ಬೇಕೇ ಬೇಕು, ಅದಿಲ್ಲದಿದ್ದರೆ ಈ ತಪ್ಪಲೆ ಇಂದಿಗೂ ಒಲೆಯ ಮೇಲೇ ಇದ್ದು ಊರಿಗೆಲ್ಲ ಬಡಿಸುತ್ತಿತ್ತು ಎಂದೆ. ಚಂಗಲರಾಯಪ್ಪನವರು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಆದರೆ ಖರ್ಚಿನಲ್ಲಿ ಊರೂ ಹೆಗಲು ಕೊಡದಿದ್ದರೆ ಮುಂದಿನ ತನಿಖೆಗೂ ಇದೇ ನೆಗ್ಗಿನ ತಪ್ಪಲೆ ಊರು ಸುತ್ತುತ್ತದೆ ಎಂದೂ ಸೇರಿಸಿದೆ. ಆಗ ಪ್ರೆಸಿಡೆಂಟರು ನನ್ನನ್ನು ಹಾಗೆಯೇ ನೋಡಿದರು.

ಹೊತ್ತು ಕಳೆಯಿತು. ಹಸಿವು ಏರಿತು. ಹಸಿದ ಮೆಂಬರುಗಳು ರಾಜಿಗೆ ಬಂದರು: ಕಾನೂನು ಇರಲಿ, ತವರ ಮತ್ತು ಇದ್ದಲು ಮುನಿಸಿಪಾಲಿಟಿಯದು, ಕಲಾಯಿಯವನ ಕೂಲಿ ಹೋಟೆಲಿನವರದು, ಅದನ್ನೂ ವ್ಯಾಪಾರ ಮಾಡಿ ಆಮೇಲೆ ಕೊಡಬಹುದು. ಎಲ್ಲರೂ ಕೈಯೆತ್ತಿದರು, ಪ್ರೆಸಿಡೆಂಟರೂ ನಿಟ್ಟುಸಿರುಬಿಟ್ಟು ಎತ್ತಿದರು. ವಿರುದ್ಧ ಹೋದವರು ಒಬ್ಬರೇ, ಚಂಗಲರಾಯಪ್ಪ. ಕೂಲಿಯನ್ನೂ ಊರೇ ಕೊಡಬೇಕೆಂದು ಅವರ ಹಟ. ನಿರ್ಣಯ ಪಾಸಾದ ಮೇಲೆ ಹಿಂಬಾಗಿಲಿನಿಂದ ನೆಗ್ಗಿದ ತಪ್ಪಲೆ ಬಂತು. ಅದರ ತುಂಬ ಬಿಸಿ ಹುಳಿಯನ್ನ. ನಿರ್ಣಯ ಗೆದ್ದದ್ದು ತಮ್ಮಿಂದಲೇ ಎಂದು ಅವರು ಸಾಯುವವರೆಗೂ ಹೇಳಿಕೊಂಡರು.

ಮುಂದಿನ ವಾರ ಚಾವಡಿಯ ಮುಂದಿನ ಹುಣಸೆಮರದ ಕೆಳಗೆ ಕಲಾಯಿ ಸಾಬರು ತಿದಿ ಹೂಡಿದರು. ಸರದಿಯಲ್ಲಿ ಮೊದಲು ಕೂತವಳು ಅಕ್ಕಯಮ್ಮ. ಮಾರನೆಯ ಬೆಳಿಗ್ಗೆ ಅವಳ ಒಲೆ ಹೊತ್ತಿತು. ಚಂಗಲರಾಯಪ್ಪನವರ ಬೆಳಗಿನ ಗಿರಾಕಿಗಳು ಮತ್ತೆ ಅತ್ತ ಹೋದರು, ಅವರ ಬೈಗುಳವೂ ಮತ್ತೆ ಶುರುವಾಯಿತು. ನನಗೆ ಎಷ್ಟು ನೆಮ್ಮದಿಯಾಯಿತೆಂದು ಹೇಳಲಾರೆ.

ಯುದ್ಧ ಬಂದು, ಜಪಾನಿನವರು ತವರದ ಗಣಿಗಳಿದ್ದ ಮಲಯಾ ಹಿಡಿದುಕೊಂಡ ಮೇಲೆ ಪೇಟೆಯಲ್ಲಿ ತವರ ಮಾಯವಾಯಿತು. ಕಾನೂನು ಮಾತ್ರ ಹಾಗೇ ಇತ್ತು. ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಚಂಗಲರಾಯಪ್ಪನವರು ಕಚೇರಿಗೆ ಬಂದು ಬಲು ಗಂಭೀರವಾಗಿ, "ಜಪಾನಿನೋರಿಗೂ ಒಂದು ನೋಟೀಸ್ ಕೊಟ್ಬಿಡಿ ಇನ್ಸ್‌ಪೆಕ್ಟ್ರೇ. ಅವ್ರ ಲೈಸೆನ್ಸ್ ರದ್ದು ಮಾಡಿ" ಎಂದರು. ಆಮೇಲೆ ತಾವೇ ಗಾಡಿಯಲ್ಲಿ ಮಣ್ಣಿನ ಗಡಿಗೆಗಳನ್ನು ತರಿಸಿದರು. ಯುದ್ಧ ಮುಗಿಯುವವರೆಗೆ ಊರಿನ ಹುಳಿಯೆಲ್ಲ ಗಡಿಗೆಯಲ್ಲೇ ಬೆಂದಿತು. ಗಡಿಗೆಯ ಒಳಗೂ ಇಣುಕಿ ನೋಡಿ ಎನ್ನುವುದನ್ನು ಅವರು ಬಿಡಲಿಲ್ಲ. ಒಳಗೆ ಕತ್ತಲು, ಏನೂ ಕಾಣುತ್ತಿರಲಿಲ್ಲ.

ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಯುದ್ಧ ಮುಗಿದು ತವರ ಮತ್ತೆ ಸಿಗತೊಡಗಿದ ವರ್ಷ ಅವರು ತೀರಿಕೊಂಡರೆಂದು ಸುದ್ದಿ ಬಂತು. ವೈಕುಂಠ ಸಮಾರಾಧನೆಗೆ ಹೋದೆ. ಪಂಕ್ತಿಯಲ್ಲಿ ಹಳೆಯ ಪ್ರೆಸಿಡೆಂಟರು ನನ್ನ ಪಕ್ಕದಲ್ಲಿ ಕೂತಿದ್ದರು. "ಆತನಿಲ್ಲದೆ ಮೀಟಿಂಗಿಗೆ ಹೋಗಲು ಬೇಜಾರು ಕಣ್ರೀ. ಎಲ್ಲರೂ ಒಪ್ಪಿಬಿಡ್ತಾರೆ" ಎಂದರು. ಅಂಗಳದ ಮೂಲೆಯಲ್ಲಿ ಆ ಬಲೆಯ ಬೀರು ನಿಂತಿತ್ತು. ಒಳಗೆ ರುಮಾಲು ಹಾಗೆಯೇ ಇತ್ತು.

ಹುಳಿ ಬಡಿಸುತ್ತ ಬಂದವಳು ಅಕ್ಕಯಮ್ಮ. ಕೈಯಲ್ಲಿ ಅದೇ ನೆಗ್ಗಿದ ತಪ್ಪಲೆ. ನನ್ನ ಮುಂದೆ ನಿಂತು ಅದನ್ನು ವಾಲಿಸಿದಳು.

"ಇಣುಕಿ ನೋಡಿ ಸಾಮಿ. ನೀವು ನೋಡ್ದೆ ತಿಂದ್ರೆ ಅಣ್ಣಯ್ಯ ಸುಮ್ನಿರ್ತಾನಾ?"

ಇಣುಕಿದೆ. "ಚೆನ್ನಾಗಿದೆ, ಬಡಿಸಮ್ಮ" ಎಂದೆ. ಕಣ್ಣು ತುಂಬಿ ನನಗೆ ಒಳಗಿನದು ಏನೂ ಕಂಡಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ನೋಡದೆ ಪಾಸು ಮಾಡಿದ ಪಾತ್ರೆ ಅದೊಂದೇ.